ಹಿಂಬಾಗಿಲಿನಿಂದ ಬಂದ ಪೇಶಂಟ್

ಮೊದಲ ಸಲ ಗಿರೀಶ ಕೇಳಿದಾಗ ನಾನು ನಿಜವಾಗಿಯೂ ನೋಡಿದೆ.

ಡೊಂಬಿವಲಿಯ ಅಮ್ಮನ ಮನೆ. ಭಾನುವಾರದ ಬೆಳಿಗ್ಗೆ. ನೀರುದೋಸೆ ತಿನ್ನುತ್ತಿದ್ದವನು ತಟ್ಟೆಯನ್ನು ಪಕ್ಕಕ್ಕಿಟ್ಟು ಎಡಗೆನ್ನೆಯನ್ನು ನನ್ನ ಕಡೆ ತಿರುಗಿಸಿದ. "ಅಕ್ಕಾ, ಸಚ್ ಬೋಲ್. ದಿಸ್ತಯ್ ಕಾ?" ಅಂದ. ನಿಜ ಹೇಳು, ಕಾಣಿಸುತ್ತಿದೆಯಾ ಅಂತ. ನನ್ನ ತಮ್ಮ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅಮ್ಮ ಕುಂದಾಪುರದ ಕನ್ನಡದಲ್ಲಿ ಕೇಳಿದರೆ ಅವನು ಮರಾಠಿ, ಹಿಂದಿ, ಕನ್ನಡ ಮೂರನ್ನೂ ಕಲಸಿ ಉತ್ತರ ಕೊಡುತ್ತಾನೆ. ನಮಗೆ ಅದು ಅಭ್ಯಾಸವಾಗಿ ಹೋಗಿದೆ.

"ಎಂತ ಕಾಣ್ಬೇಕು?" ಅಂದೆ.

"ಹಾ ಖಡ್ಡಾ." ಮೂಗಿನ ಪಕ್ಕ ಬೆರಳಿಟ್ಟು ತೋರಿಸಿದ.

ಕಿಟಕಿಯ ಬೆಳಕಿಗೆ ಅವನ ಗದ್ದ ಹಿಡಿದು ನೋಡಿದೆ. ಒಂದು ಸಣ್ಣ ಗುಳಿ. ಸಾಸಿವೆ ಕಾಳು ಇಟ್ಟರೆ ಅದೂ ನಿಲ್ಲುವುದು ಅನುಮಾನ. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಆದಾಗ ಕೆರೆದುಕೊಂಡ ಗುರುತು. ಇಷ್ಟು ವರ್ಷ ಅದು ಅಲ್ಲೇ ಇತ್ತು. ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಅದನ್ನು ಕಂಡದ್ದು ಅವತ್ತೇ ಮೊದಲು.

ಬೇರೆ ಯಾವ ಅಕ್ಕನಾದರೂ "ಹೋಗೋ ಮಾರಾಯ, ದೋಸೆ ತಿನ್ನು" ಅನ್ನುತ್ತಿದ್ದಳೇನೋ. ಅಂದಿದ್ದರೆ ಕಾಯಿಲೆ ಬರುತ್ತಿರಲಿಲ್ಲ ಅಂತಲ್ಲ, ಅದು ಆಗಲೇ ಬಂದಿತ್ತು ಅಂತ ಈಗ ಗೊತ್ತು. ಆದರೆ ನಾನು ಸ್ಟೇಷನ್ ಹತ್ತಿರದ ಒಂದು ಸ್ಕಿನ್ ಕ್ಲಿನಿಕ್ಕಿನಲ್ಲಿ ಫ್ರಂಟ್ ಡೆಸ್ಕಿನವಳು. ದಿನವಿಡೀ ಜನ ಇಂಥದೇ ಗುಳಿಗಳನ್ನು, ಚುಕ್ಕೆಗಳನ್ನು, ಕಪ್ಪು ವರ್ತುಲಗಳನ್ನು ನನ್ನ ಮುಂದೆ ಹಿಡಿಯುತ್ತಾರೆ. ಅಕ್ಕ ಬಾಯಿ ತೆರೆಯುವ ಮೊದಲೇ ಡೆಸ್ಕಿನವಳು ಬಾಯಿ ತೆರೆದಳು.

"ಇದೆಂತ ದೊಡ್ಡ ವಿಷಯ? ನಮ್ಮ ಕ್ಲಿನಿಕ್ಕಿಗೆ ಬಾ. ನಾಲ್ಕೈದು ಸಿಟಿಂಗಲ್ಲಿ ಹೋಗ್ತದೆ."

ಆ ಮಾತನ್ನು ವಾಪಸ್ಸು ತೆಗೆದುಕೊಳ್ಳಲು ಆಗುವಂತಿದ್ದರೆ.

ನಮ್ಮದು ಹೋಟೆಲಿನವರ ಮನೆ. ಅಪ್ಪ ಮೂವತ್ತಕ್ಕೂ ಹೆಚ್ಚು ವರ್ಷ ಡೊಂಬಿವಲಿಯ ಒಂದು ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಕೂತವರು. ಅಲ್ಲಿ ಒಂದು ರಿವಾಜು ಇತ್ತು. ನಮ್ಮವರು, ಊರವರು, ಕೆಲಸದವರ ಮನೆಯವರು ಯಾರೇ ಬಂದರೂ ಮುಂದಿನ ಬಾಗಿಲಿನಿಂದ ಬರುತ್ತಿರಲಿಲ್ಲ. ಪಕ್ಕದ ಗಲ್ಲಿಯಿಂದ ಅಡುಗೆಮನೆಗೆ ಬಂದು, ಭಟ್ಟರ ಹತ್ತಿರ ನಿಂತು, ಕಾವಲಿಯಿಂದ ಎದ್ದ ದೋಸೆಯನ್ನು ಬಾಳೆಲೆ ಚೂರಿನ ಮೇಲೆ ತಿಂದು ಹೋಗುತ್ತಿದ್ದರು. ಮುಂದಿನ ಬಾಗಿಲಿನಿಂದ ಬರುವವನು ಗಿರಾಕಿ. ಹಿಂದಿನ ಬಾಗಿಲಿನಿಂದ ಬರುವವನು ನಮ್ಮವನು. ನಮ್ಮವನನ್ನು ಟೇಬಲಿನಲ್ಲಿ ಕಾಯಿಸಿ ಕೂರಿಸುವುದು ಅವಮಾನ. ನಾನು ಹಾಲಿನ ಜೊತೆಗೇ ಕುಡಿದ ಪಾಠ ಇದು.

ಹಾಗಾಗಿ ಗಿರೀಶನನ್ನೂ ಹಿಂಬಾಗಿಲಿನಿಂದಲೇ ಕರೆದೊಯ್ದೆ.

ನಮ್ಮ ಕ್ಲಿನಿಕ್ಕಿಗೂ ಹಿಂದೆ ಒಂದು ಬಾಗಿಲಿದೆ. ಔಷಧದ ಡಬ್ಬಗಳನ್ನು ಪೇರಿಸಿಡುವ ಓಣಿಯಂಥ ಕೋಣೆ, ಅದನ್ನು ದಾಟಿದರೆ ಮಷಿನ್ ರೂಮ್. ಕ್ಲಿನಿಕ್ಕಿನ ಒಡತಿಯನ್ನು ನಾವು ದೊಡ್ಡ ಮೇಡಂ ಅನ್ನುತ್ತೇವೆ. ಕೆಟ್ಟವರಲ್ಲ, ಕೈಗುಣ ಒಳ್ಳೆಯದು, ಆದರೆ ಸದಾ ಅವಸರ. ಎರಡು ಪೇಶಂಟ್‌ಗಳ ನಡುವೆ ಅವನ ಕೆನ್ನೆಯ ಮೇಲೆ ಲೈಟ್ ಹಿಡಿದು, "ಶೈಲಾಚಾ ಭಾವು ಕಾ?" ಅಂದು, ಶೈಲಾಳ ತಮ್ಮನಾ ಅಂತ ನಕ್ಕು, ಸೂಜಿಯ ಟ್ರೀಟ್‌ಮೆಂಟ್ ಒಂದು ಮಾಡಿಬಿಡೋಣ ಅಂದರು. ಹೆಸರು ಕೂಗಲಿಲ್ಲ, ಫೈಲ್ ಮಾಡಲಿಲ್ಲ. ಏನು ಕೆಲಸ, ನಿದ್ದೆ ಹೇಗೆ, ಇದಕ್ಕಾಗಿ ಎಷ್ಟು ಡಾಕ್ಟರರನ್ನು ನೋಡಿದ್ದೀಯಾ ಅಂತ ಹೊಸ ಪೇಶಂಟ್‌ಗೆ ಕೇಳುವ ಯಾವುದನ್ನೂ ಕೇಳಲಿಲ್ಲ. ಯಾಕೆ ಕೇಳಬೇಕು? ನಮ್ಮ ಹುಡುಗ. ನಾನು ಬೀಗಿದ್ದೆ. ತಮ್ಮನಿಗೆ ಇಷ್ಟಾದರೂ ಮಾಡುವಷ್ಟು ನನ್ನ ಮಾತು ನಡೆಯುತ್ತದಲ್ಲ ಅಂತ.

ಸಿಟಿಂಗ್ ಮುಗಿದಾಗಲೆಲ್ಲ ಕೆಲವು ದಿನ ಅವನು ಖುಷಿಯಾಗಿರುತ್ತಿದ್ದ. ಅಮ್ಮನ ಹೆಗಲ ಮೇಲೆ ಕೈಹಾಕಿ ಕುಣಿಸುತ್ತಿದ್ದ. ಆಮೇಲೆ ಮತ್ತೆ. ಗುಳಿ ತುಂಬಿತು, ಸುತ್ತ ಕೆಂಪಾಗಿದೆ. ಕೆಂಪು ಹೋಯಿತು, ಚರ್ಮದ ರಂಧ್ರಗಳು ದೊಡ್ಡದಾಗಿವೆ. ಎಡಗೆನ್ನೆ ಬಲಗೆನ್ನೆಗಿಂತ ಇಳಿದಿದೆ. ಲೇಸರ್ ಆಯಿತು, ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಸುಲಿಯುವ ಪೀಲ್ ಆಯಿತು. ಪ್ರತಿ ಸಲವೂ ಅದೇ ಓಣಿ, ಅದೇ ಡಬ್ಬಗಳು, ಅದೇ "ಶೈಲಾಚಾ ಭಾವು".

ಆಗ ಅವನಿಗೆ ಬೇಲಾಪುರದಲ್ಲಿ ಕೆಲಸ, ಒಂದು ವಿಮಾ ಕಂಪನಿಯ ಆಫೀಸಿನಲ್ಲಿ. ಠಾಣೆಗೆ ಹೋಗಿ ಲೋಕಲ್ ಗಾಡಿ ಬದಲಿಸಬೇಕು. ಸೀಟು ಸಿಕ್ಕರೂ ಕೂರುತ್ತಿರಲಿಲ್ಲ ಅಂತ ಆಮೇಲೆ ಅವನೇ ಹೇಳಿದ. ಕೂತರೆ ಎದುರಿನವರು ಮುಖ ನೋಡುತ್ತಾರೆ. ಬಾಗಿಲಲ್ಲಿ ಹೊರಗೆ ಮುಖಮಾಡಿ ನಿಂತರೆ ಗಾಳಿ ಮಾತ್ರ ನೋಡುತ್ತದೆ. ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಅಂತ ಲೆಕ್ಕಹಾಕಿ ಡಬ್ಬಿ ಹತ್ತುತ್ತಿದ್ದ. ಮಾಸ್ಕ್ ಹಾಕುತ್ತಿದ್ದ. ಮಾಸ್ಕಿನ ಕಾಲ ಮುಗಿದು ಎಲ್ಲರೂ ಅದನ್ನು ಬಿಸಾಡಿದ ಮೇಲೂ ಇವನು ಬಿಡಲಿಲ್ಲ. ಧೂಳು ಅಲರ್ಜಿ ಅಂದ. ನಾವು ನಂಬಿದೆವು. ಡೊಂಬಿವಲಿಯ ಧೂಳನ್ನು ಯಾರು ತಾನೇ ನಂಬುವುದಿಲ್ಲ?

ಸಾನಪಾಡಾದಲ್ಲಿ ಅವನ ಕಾಲೇಜಿನ ಜೀವದ ಗೆಳೆಯನ ಮದುವೆ. ಹೊಸ ಶರ್ಟು ಹಾಕಿಕೊಂಡು ಹೊರಟ. ಸಾನಪಾಡಾ ಸ್ಟೇಷನ್ನಿನಲ್ಲಿ ಇಳಿದು, ಫೋನಿನ ಕ್ಯಾಮರಾದಲ್ಲಿ ಮುಖ ನೋಡಿಕೊಂಡು, ಎದುರಿನ ಪ್ಲಾಟ್‌ಫಾರ್ಮಿಗೆ ಹೋಗಿ ವಾಪಸ್ಸು ಬರುವ ಗಾಡಿ ಹತ್ತಿದ. ಮದುವೆ ಹೇಗಾಯಿತು ಅಂತ ಅಮ್ಮ ಕೇಳಿದರೆ "ಮಸ್ತ್" ಅಂದ. ಆ ಗೆಳೆಯ ಈಗ ಮಾತಾಡುವುದಿಲ್ಲ.

ಅಪ್ಪನಿಗೆ ಇದೆಲ್ಲ ತಮಾಷೆ. "ಎಂತದಾ, ಹೆಣ್ಮಕ್ಳಂಗೆ ಕನ್ನಡಿ ಎದ್ರಿಗೇ ನಿಂತ್ಕಂಬುದಾ?" ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ. ನಗಬಾರದಿತ್ತು.

ಅಮ್ಮನದು ಬೇರೆ ದಾರಿ. ದಿನಾ ಬೆಳಿಗ್ಗೆ ಅವನು ಹೊರಡುವ ಮೊದಲು ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ನಿಲ್ಲುತ್ತಿದ್ದ. ಅಮ್ಮ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಅವನ ಮುಖವನ್ನು ಒಂದು ಸುತ್ತು ನೋಡುತ್ತಿದ್ದಳು. "ಎಂತದೂ ಇಲ್ಲ ಮಗಾ. ನಿನ್ನ ಮುಖ ಲಾಯ್ಕ್ ಇತ್ತ್." ದೇವರಿಗೆ ದೀಪ ಹಚ್ಚುವಷ್ಟೇ ನಿಯಮದಿಂದ ಇದು ನಡೆಯುತ್ತಿತ್ತು. ಮೊದಮೊದಲು ಒಂದು ಸಲ ಹೇಳಿದರೆ ಸಾಕಿತ್ತು. ಬರಬರುತ್ತಾ ಚಪ್ಪಲಿ ಹಾಕಿಕೊಂಡವನು ವಾಪಸ್ಸು ಬಂದು ಕೇಳುತ್ತಿದ್ದ. ಲಿಫ್ಟ್ ಇಳಿದು ಫೋನ್ ಮಾಡಿ ಕೇಳುತ್ತಿದ್ದ. ನನಗೆ ಫೋಟೋ ಕಳಿಸುತ್ತಿದ್ದ. ಡೆಸ್ಕಿನಲ್ಲಿ ಕೂತು ನಾನು ಆ ಫೋಟೋಗಳನ್ನು ದೊಡ್ಡದು ಮಾಡಿ ನೋಡಿ "ಏನಿಲ್ಲ" ಅಂತ ಬರೆಯುತ್ತಿದ್ದೆ. ಬರೆದು ಕಳಿಸಿದ ಕ್ಷಣಕ್ಕೆ ಇನ್ನೊಂದು ಫೋಟೋ. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದದ್ದಕ್ಕೆ ಪಾಪ ಅನ್ನಿಸುತ್ತಿತ್ತು. ಪಾಪ ಅನ್ನಿಸಿ ಮತ್ತೆ "ಏನಿಲ್ಲ" ಅಂತ ಬರೆಯುತ್ತಿದ್ದೆ.

ಆಫೀಸಿಗೆ ತಡವಾಗುತ್ತಾ ಹೋಯಿತು. ಆಮೇಲೆ ರಜೆ. ಆಮೇಲೆ ಕೆಲಸವೇ ಬೇಡ ಅಂದ.

ಆ ಹೊತ್ತಿಗೆ ನಮ್ಮಲ್ಲಿಗೆ ಹೊಸ ಡಾಕ್ಟರ್ ಬಂದರು. ಡಾ. ಶ್ರುತಿ, ಮೈಸೂರಿನವರು. ವಾರದಲ್ಲಿ ಮೂರು ದಿನ ಸಂಜೆ ಮಾತ್ರ ಬರುತ್ತಿದ್ದರು. ನಾನೂ ಕನ್ನಡದವಳು ಅಂತ ಗೊತ್ತಾದ ಮೇಲೆ ನನ್ನ ಜೊತೆ ಚಹಾ ಕುಡಿಯುತ್ತಾ ಮಾತಾಡುವುದು ರೂಢಿಯಾಯಿತು. ಒಂದು ಸಂಜೆ ಹೇಳಿದರು:

"ಶೈಲಾ ಅವರೇ, ಪೇಶಂಟನ್ನ ಮೊದ್ಲು ನೋಡೋದು ನೀವು, ನಾನಲ್ಲ. ನನ್ನ ಹತ್ರ ಬರೋ ಹೊತ್ತಿಗೆ ಬರೀ ಚರ್ಮ ಬರುತ್ತೆ. ಹೊರಗೆ ಕೂತಿರೋವಾಗ ಇಡೀ ಮನುಷ್ಯ ಕಾಣ್ತಾನೆ. ಸ್ವಲ್ಪ ಗಮನಿಸಿ."

ಏನನ್ನು ಗಮನಿಸಬೇಕು ಅಂತ ವಿವರಿಸಿದರು. ನಮ್ಮ ಕಣ್ಣಿಗೆ ಏನೂ ಇಲ್ಲ ಅಥವಾ ಇದ್ದೂ ಇಲ್ಲದಷ್ಟು, ಆದರೆ ಅವರ ಪಾಲಿಗೆ ಆಕಾಶವೇ ಕಳಚಿ ಬಿದ್ದಿರುತ್ತದೆ. ಕನ್ನಡಿ ಕಂಡರೆ ಬಿಡುವುದಿಲ್ಲ, ಇಲ್ಲವೇ ಕನ್ನಡಿಗೆ ಬೆನ್ನುಹಾಕಿ ಕೂರುತ್ತಾರೆ. ಕೂದಲು, ದುಪಟ್ಟಾ, ಟೋಪಿ, ಮಾಸ್ಕ್, ಏನಾದರೊಂದು ಅಡ್ಡ ಇಟ್ಟುಕೊಂಡಿರುತ್ತಾರೆ. ಕೇಳಿದ್ದನ್ನೇ ಕೇಳುತ್ತಾರೆ. ಈ ಮೊದಲು ಊರಿನ ಎಲ್ಲ ಡಾಕ್ಟರರನ್ನೂ ಮುಗಿಸಿ, ಯಾರೂ ಸರಿಯಿಲ್ಲ ಅನ್ನುತ್ತಾರೆ. ಟ್ರೀಟ್‌ಮೆಂಟ್ ಕೊಟ್ಟರೆ ತೃಪ್ತಿಯಿಲ್ಲ, ಚಿಂತೆ ಇನ್ನೊಂದು ಜಾಗಕ್ಕೆ ಹೋಗಿ ಕೂರುತ್ತದೆ. ಮನೆಯಿಂದ ಹೊರಬೀಳುವುದು ಕಡಿಮೆಯಾಗುತ್ತದೆ.

"ಸೊಕ್ಕಲ್ಲ, ಶೋಕಿ ಅಲ್ಲ. ಕಾಯಿಲೆ. ಬಾಡಿ ಡಿಸ್‌ಮಾರ್ಫಿಕ್ ಡಿಸಾರ್ಡರ್ ಅಂತಾರೆ. ಅವರಿಗೆ ಲೇಸರ್ ಹೊಡೆದ್ರೆ ನಾವು ಕಾಯಿಲೆಗೆ ಊಟ ಹಾಕಿದ ಹಾಗೆ. ಮನಸ್ಸಿನ ಡಾಕ್ಟರ್ ಹತ್ರ ಕಳಿಸ್ಬೇಕು. ಅದೂ ನಾಜೂಕಾಗಿ."

ನಾನು ಕಿವಿಗೊಟ್ಟು ಕೇಳಿದೆ. ತಲೆಯಾಡಿಸಿದೆ. ಒಳ್ಳೆಯ ವಿದ್ಯಾರ್ಥಿನಿ ನಾನು.

ಬದಲಾಪುರದಿಂದ ಒಬ್ಬಳು ಹುಡುಗಿ ತಾಯಿಯ ಜೊತೆ ಬರುತ್ತಿದ್ದಳು. ಹುಬ್ಬಿನ ಮೇಲಿನ ಒಂದು ಗೆರೆಗೆ. ಆ ಗೆರೆ ನನಗೆ ಕಂಡೇ ಇರಲಿಲ್ಲ. ವೇಟಿಂಗ್ ಹಾಲಿನಲ್ಲಿ ಅವಳು ಯಾವಾಗಲೂ ಫಿಶ್ ಟ್ಯಾಂಕಿನ ಪಕ್ಕದ ಕತ್ತಲೆಯ ಕುರ್ಚಿಯಲ್ಲೇ ಕೂರುವುದು, ಆ ಕುರ್ಚಿ ಖಾಲಿಯಿಲ್ಲದಿದ್ದರೆ ನಿಂತೇ ಇರುವುದು, ಫೋನಿನ ಕಪ್ಪು ಪರದೆಯಲ್ಲಿ ಮುಖ ನೋಡಿಕೊಳ್ಳುವುದು, ತಾಯಿ "ಕಾಹೀ ನಾಯ್ ಗಂ", ಏನಿಲ್ಲ ಮಗಾ, ಅಂತ ಮತ್ತೆ ಮತ್ತೆ ಹೇಳುವುದು, ಎಲ್ಲ ಕಂಡಿತು. ಡಾ. ಶ್ರುತಿಗೆ ಹೇಳಿದೆ. ಅವರು ಬಾಗಿಲು ಹಾಕಿಕೊಂಡು ಹುಡುಗಿಯ ಜೊತೆ ಬಹಳ ಹೊತ್ತು ಮಾತಾಡಿದರು. ಹುಡುಗಿ, ತಾಯಿ ಇಬ್ಬರೂ ಅತ್ತುಕೊಂಡು ಹೊರಬಂದರು, ಕೈಯಲ್ಲಿ ಒಬ್ಬ ಸೈಕಿಯಾಟ್ರಿಸ್ಟ್ ಹೆಸರು. "ಚೆನ್ನಾಗಿ ಹಿಡಿದ್ರಿ ಶೈಲಾ ಅವರೇ" ಅಂದರು ಡಾಕ್ಟರ್.

ಮರುದಿನ ಮಧ್ಯಾಹ್ನ ಕ್ಲಿನಿಕ್ ಮುಚ್ಚುವ ಹೊತ್ತಿನಲ್ಲಿ, ಆ ಹೊಗಳಿಕೆಯ ಹುಮ್ಮಸ್ಸಿನಲ್ಲೇ, ಅಮ್ಮನ ಮನೆಗೆ ಊಟಕ್ಕೆ ಹೋದೆ. ಗಿರೀಶ ಪರದೆ ಎಳೆದ ಕೋಣೆಯಲ್ಲಿ ಕೂತಿದ್ದ. "ದಿಸ್ತಯ್ ಕಾ ಅಕ್ಕಾ?" ಅಂದ. ನಾನು ಅನ್ನದ ತಟ್ಟೆ ಕೆಳಗಿಟ್ಟು, ಫೋನಿನ ಟಾರ್ಚ್ ಹಚ್ಚಿ, ಅವನ ಕೆನ್ನೆ ನೋಡಿ, "ಏನಿಲ್ಲ ಮಾರಾಯ" ಅಂದೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ನನಗೆ ಕನ್ನಡಿ ಹಿಡಿದರೂ ಕಾಣಲಿಲ್ಲ.

ಯಾಕೆ ಕಾಣಲಿಲ್ಲ ಅಂತ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಂದು ಕಾರಣ, ಅವನು ನನ್ನ ವೇಟಿಂಗ್ ಹಾಲಿನಲ್ಲಿ ಒಂದು ದಿನವೂ ಕೂರಲಿಲ್ಲ. ಕೂತಿದ್ದರೆ ಯಾವ ಕುರ್ಚಿ ಆರಿಸುತ್ತಾನೆ ಅಂತ ನೋಡುತ್ತಿದ್ದೆ. ಮಾಸ್ಕ್ ನೋಡುತ್ತಿದ್ದೆ. ಡಾ. ಶ್ರುತಿಯ ಕಣ್ಣಿಗೂ ಬೀಳುತ್ತಿದ್ದ. ಅವನು ಬರುತ್ತಿದ್ದುದು ಬೆಳಗಿನ ಹೊತ್ತು, ಹಿಂದಿನಿಂದ, ಅವಸರದ ದೊಡ್ಡ ಮೇಡಂ ಹತ್ತಿರ. ಇನ್ನೊಂದು ಕಾರಣವೂ ಇದೆ. ಕಾಯಿಲೆ ಬರುವುದು ಪೇಶಂಟ್‌ಗಳಿಗೆ. ಗಿರೀಶ ಪೇಶಂಟ್ ಅಲ್ಲ, ನನ್ನ ತಮ್ಮ.

ಕೊನೆಗೆ ದೊಡ್ಡ ಮೇಡಮ್ಮೇ ಕೈಯೆತ್ತಿದರು. "ಶೈಲಾ, ತ್ಯಾಲಾ ಸಾಂಗ್, ಬಸ್ ಝಾಲಂ." ಇನ್ನು ಸಾಕು ಅಂತ ಹೇಳು. ಹೇಳಿದೆ. ಅವನು ಬೇರೆ ಡಾಕ್ಟರರನ್ನು ಹುಡುಕಿದ. ಕಲ್ಯಾಣಕ್ಕೆ ಹೋದ, ಠಾಣೆಗೆ ಹೋದ, ವಾಶಿಗೆ ಹೋದ. ಒಬ್ಬರು ಕ್ರೀಮ್ ಕೊಟ್ಟರು, ಇನ್ನೊಬ್ಬರು ಮತ್ತೆ ಲೇಸರ್ ಮಾಡಿದರು, ಒಬ್ಬರು ನಕ್ಕು ಕಳಿಸಿದರು. ಯಾರೂ ಕೂರಿಸಿ ಕೇಳಲಿಲ್ಲ. ಅವರನ್ನು ಬೈಯಲು ನನಗೆ ಬಾಯಿಲ್ಲ. ನನ್ನ ಮನೆಯಲ್ಲೇ ಯಾರೂ ಕೇಳಿರಲಿಲ್ಲ.

ಆ ಮಂಗಳವಾರ ಬೆಳಿಗ್ಗೆಯೇ ಅಮ್ಮನ ಫೋನ್ ಬಂತು.

"ಬೇಗ ಬಾ ಶೈಲಾ. ಗಿರಿ ಮುಖಕ್ಕೆ ಎಂತದೋ ಹಾಯ್ಕಂಡಿದ. ಬಾಗ್ಲ್ ತೆಗೀತಿಲ್ಲ."

ಸ್ಟೇಷನ್ನಿನಿಂದ ರಿಕ್ಷಾ ಸಿಗಲಿಲ್ಲ, ಓಡಿದೆ. ಬಾತ್‌ರೂಮಿನ ಬಾಗಿಲಿಗೆ ಅಪ್ಪ ಭುಜ ಕೊಟ್ಟು ನಿಂತಿದ್ದರು. ನನ್ನ ದನಿ ಕೇಳಿ ಗಿರೀಶ ಚಿಲಕ ತೆಗೆದ. ಆನ್‌ಲೈನಿನಲ್ಲಿ ತರಿಸಿಕೊಂಡ ಪೀಲ್. ನಮ್ಮ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಗಡಿಯಾರ ನೋಡಿಕೊಂಡು ಹಚ್ಚಿ ತೆಗೆಯುವಂಥದ್ದನ್ನು ಇವನು ಆ ಗುಳಿಯಿದ್ದ ಜಾಗಕ್ಕೆ ಪದರದ ಮೇಲೆ ಪದರ ಹಚ್ಚಿದ್ದ. ಎಡಗೆನ್ನೆ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು.

"ಜಲ್ತಾ ಹೈ ಅಕ್ಕಾ" ಅಂದ. ಉರಿಯುತ್ತಿದೆ.

ಇಲ್ಲದ ಕಲೆ ಅಳಿಸಲು ಹೋಗಿ ಇರುವ ಕಲೆ ಮಾಡಿಕೊಂಡಿದ್ದ.

ಡಾ. ಶ್ರುತಿಗೆ ಫೋನ್ ಮಾಡಿದೆ. ನೀರು, ಬರೀ ತಣ್ಣೀರು, ಹಾಕ್ತಾನೇ ಇರಿ, ಆಮೇಲೆ ಸೀದಾ ಕ್ಲಿನಿಕ್ಕಿಗೆ ಕರ್ಕೊಂಡು ಬನ್ನಿ, ನಾನೂ ಹೊರಟೆ ಅಂದರು. ನಲ್ಲಿಯ ಕೆಳಗೆ ಅವನ ತಲೆ ಹಿಡಿದು ಕೂತೆ. ಚಿಕ್ಕಂದಿನಲ್ಲಿ ಎಣ್ಣೆ ಹಚ್ಚಿ ಸ್ನಾನ ಮಾಡಿಸುವಾಗ ಸೀಗೆಪುಡಿ ಕಣ್ಣಿಗೆ ಹೋಯಿತೆಂದು ಕಿರುಚುತ್ತಿದ್ದ ಹುಡುಗ. ಈಗ ದನಿಯೇ ಇರಲಿಲ್ಲ. ನಾನು ಅಳುತ್ತಿದ್ದೆ, ಅವನಲ್ಲ.

ಆ ಗಡಿಬಿಡಿಯಲ್ಲಿ ಹಿಂಬಾಗಿಲು ನೆನಪಾಗಲಿಲ್ಲ. ಮೊದಲ ಬಾರಿಗೆ ಅವನು ಮುಂದಿನ ಬಾಗಿಲಿನಿಂದ ಬಂದ, ತುಂಬಿದ ವೇಟಿಂಗ್ ಹಾಲಿನ ನಡುವಿನಿಂದ, ಒದ್ದೆ ಟವೆಲು ಮುಖಕ್ಕೆ ಒತ್ತಿಕೊಂಡು.

ಸುಟ್ಟ ಜಾಗಕ್ಕೆ ಮಾಡಬೇಕಾದ್ದನ್ನೆಲ್ಲ ಮಾಡಿ, ಗ್ಲೋವ್ಸ್ ತೆಗೆದು, ಡಾ. ಶ್ರುತಿ ಕೇಳಿದರು, "ಇವರು ಮೊದ್ಲು ನಮ್ಮಲ್ಲಿ ಬಂದಿದ್ರಾ?"

"ನನ್ನ ತಮ್ಮ" ಅಂದೆ. ಆಮೇಲೆ ಎಲ್ಲ ಹೇಳಿದೆ. ಅವರು ಒಮ್ಮೆ ನನ್ನ ಮುಖ ನೋಡಿದರು. ಬೈದಿದ್ದರೆ ವಾಸಿಯಿತ್ತು. ಕುರ್ಚಿಯನ್ನು ಅವನ ಹತ್ತಿರ ಎಳೆದುಕೊಂಡು ಹಿಂದಿಯಲ್ಲಿ ಕೇಳಿದರು: ದಿನದಲ್ಲಿ ಎಷ್ಟು ಹೊತ್ತು ಇದರದ್ದೇ ಯೋಚನೆ ಇರುತ್ತೆ?

"ಕಬ್ ನಹೀ ಹೋತಾ, ವೋ ಪೂಛೋ" ಅಂದ. ಯಾವಾಗ ಇರುವುದಿಲ್ಲ ಅಂತ ಕೇಳಿ.

ಇನ್ನೂ ಕೆಲವು ಪ್ರಶ್ನೆಗಳಾದವು. ಬದಲಾಪುರದ ಹುಡುಗಿಗೆ ಕೇಳಿದ್ದವೇ ಇರಬೇಕು. ಕೊನೆಗೆ ಅದೇ ದನಿಯಲ್ಲಿ, ಬದುಕೇ ಬೇಡ ಅಂತ ಅನ್ನಿಸಿದ್ದು ಇದೆಯಾ ಅಂತಲೂ ಕೇಳಿದರು. ಅವನು ನನ್ನ ಕಡೆ ನೋಡಲಿಲ್ಲ.

"ಕಭೀ ಕಭೀ." ಒಮ್ಮೊಮ್ಮೆ.

ನಾನು ಪಕ್ಕದ ಮಷಿನ್ ಹಿಡಿದುಕೊಂಡು ನಿಂತೆ. ಅವನ ಗುಳಿಯನ್ನು ತುಂಬಿಸಿದ್ದ ಅದೇ ಮಷಿನ್.

ಡಾ. ಶ್ರುತಿ "ಏನೂ ಇಲ್ಲ ನಿನ್ನ ಮುಖದಲ್ಲಿ" ಅನ್ನಲಿಲ್ಲ. ನಾವೆಲ್ಲ ಸಾವಿರ ಸಲ ಅಂದದ್ದನ್ನು ಅವರು ಒಂದು ಸಲವೂ ಅನ್ನಲಿಲ್ಲ. "ತುಂಬಾ ಕಷ್ಟಪಟ್ಟಿದ್ದೀಯ. ಒಬ್ಬನೇ ಪಟ್ಟಿದ್ದೀಯ. ಇದಕ್ಕೆ ಹೆಸರಿದೆ, ಔಷಧಿ ಇದೆ" ಅಂದರು. ಗಿರೀಶ ಆಗ ಅತ್ತ. ಕೆನ್ನೆಗೆ ಕಣ್ಣೀರು ತಾಗಿದರೆ ಉರಿಯುತ್ತದೆ ಅಂತ ನಾನು ಗಾಜ್ ಬಟ್ಟೆ ಹಿಡಿದುಕೊಂಡು ನಿಂತೆ.

ಅವತ್ತೇ ಠಾಣೆಯ ಒಬ್ಬ ಸೈಕಿಯಾಟ್ರಿಸ್ಟ್ ಹತ್ತಿರ ಹೋದೆವು. ಡಾ. ಶ್ರುತಿಯೇ ಫೋನ್ ಮಾಡಿ ಜಾಗ ಮಾಡಿಸಿದ್ದರು. ಮಾತ್ರೆ ಶುರುವಾಯಿತು. ಇದು ಕ್ರೋಸಿನ್ ಅಲ್ಲ, ಕೆಲಸ ಮಾಡಲು ವಾರಗಳು ಬೇಕು, ಅಲ್ಲಿಯವರೆಗೆ ಅವನನ್ನು ಒಬ್ಬನನ್ನೇ ಬಿಡಬೇಡಿ ಅಂದರು. ನನ್ನ ಗಂಡ ಏನೂ ಕೇಳದೆ ಕಲ್ಯಾಣದ ನಮ್ಮ ಮನೆಯನ್ನು ನೋಡಿಕೊಂಡ. ನಾನು ಅಮ್ಮನ ಮನೆಯ ಹಾಲಿನಲ್ಲಿ ಗಾದಿ ಹಾಸಿಕೊಂಡೆ.

ಮಾತ್ರೆಯ ಜೊತೆಗೆ ವಾರಕ್ಕೊಮ್ಮೆ ಥೆರಪಿ. ಅಲ್ಲಿ ನಮ್ಮ ಮನೆಯವರನ್ನೂ ಕೂರಿಸಿದರು. ನೀವು ಅವನ ಮುಖ ನೋಡಿ ಉತ್ತರ ಹೇಳುವುದನ್ನು ನಿಲ್ಲಿಸಬೇಕು ಅಂದರು. ಕಾಣುತ್ತೆ ಅಂತಲೂ ಬೇಡ, ಕಾಣಲ್ಲ ಅಂತಲೂ ಬೇಡ. ಪ್ರತಿ ಉತ್ತರವೂ ಇನ್ನೊಂದು ಪ್ರಶ್ನೆಯನ್ನು ತರುತ್ತದೆ. ಅವನ ಜೊತೆ ಇರಿ, ಮಾತಾಡಿ, ಚಹಾ ಕೊಡಿ, ಆ ಒಂದು ಪ್ರಶ್ನೆಗೆ ಮಾತ್ರ ಉತ್ತರ ಬೇಡ.

ಅಮ್ಮನಿಗೆ ಇದು ಎದೆಗೆ ನಾಟಿತು. "ಮಗು ಕೇಂಡ್ರೆ ಹೇಳ್ದೆ ಹ್ಯಾಂಗ್ ಇಪ್ಪುದ್?" ಅಂತ ವಾಪಸ್ಸು ಬರುವ ಗಾಡಿಯಲ್ಲಿ ಲೇಡೀಸ್ ಡಬ್ಬಿಯವರೆಲ್ಲ ತಿರುಗಿ ನೋಡುವಂತೆ ಅತ್ತಳು. ತಾನು ಪ್ರೀತಿಯಿಂದ ಬಡಿಸಿದ್ದೇ ಮಗನಿಗೆ ಅಜೀರ್ಣವಾಯಿತು ಅಂದರೆ ಯಾವ ತಾಯಿ ತಡೆದುಕೊಂಡಾಳು? ಅವಳಿಗೆ ಸಮಾಧಾನ ಹೇಳುವ ಯೋಗ್ಯತೆ ನನಗೂ ಇರಲಿಲ್ಲ.

ಮನೆಯಲ್ಲಿ ಅಪ್ಪ ತಮ್ಮದೇ ರೀತಿಯಲ್ಲಿ ಅರ್ಥಮಾಡಿಕೊಂಡರು. "ಗಿರಾಕಿ ಸಾಂಬಾರ್ ಕೇಂಡ್ರೆ ಬಡಿಸ್ಬೌದ್. ಪ್ಲೇಟಂಗೆ ಇಡ್ಲಿಯೇ ಇಲ್ದೆ ಬರೀ ಸಾಂಬಾರ್ ಕೇಂತಾ ಕೂಕಂಡ್ರೆ ಎಂತ ಮಾಡುದ್?" ಅಂದರು. ಬಹಳ ದಿನಗಳ ಮೇಲೆ ಗಿರೀಶ ನಕ್ಕ. ಬ್ಯಾಂಡೇಜು ಎಳೆದು ನೋವಾಗಿ ನಗು ಅರ್ಧಕ್ಕೇ ನಿಂತಿತು. ಅಪ್ಪ ಎದ್ದು ಒಳಗೆ ಹೋದರು. ಅವರ ಕಣ್ಣು ನಾವು ನೋಡಬಾರದು ಅಂತ ಹೋದದ್ದು. ಆಮೇಲೆ ಕನ್ನಡಿಯ ತಮಾಷೆಯನ್ನು ಅವರು ಮತ್ತೆ ಮಾಡಿಲ್ಲ.

ಆ ವಾರಗಳು ಕೆಟ್ಟವು. ಅವನು ಕೇಳುತ್ತಿದ್ದ, ನಾವು ಸುಮ್ಮನಿರುತ್ತಿದ್ದೆವು. ಬೇಡಿಕೊಳ್ಳುತ್ತಿದ್ದ. ಒಂದು ಸಲ ಅಮ್ಮನ ಕೈಯಿಂದ ಕನ್ನಡಕ ಕಿತ್ತುಕೊಂಡು ಅವಳ ಮೂಗಿನ ಮೇಲಿಟ್ಟು "ಬಘ್ ನಾ ಅಮ್ಮಾ, ಏಕ್ದಾ ಬಘ್" ಅಂದ. ನೋಡು ಒಂದು ಸಲ. ಅಮ್ಮ ಕಣ್ಣು ಮುಚ್ಚಿಕೊಂಡು ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತೆರೆದು ನಿಂತೆ. ಇದು ಚಿಕಿತ್ಸೆಯೋ ಕ್ರೌರ್ಯವೋ ಅಂತ ಆ ದಿನ ನನಗೆ ಗೊತ್ತಾಗಲಿಲ್ಲ.

ಮಾತ್ರೆ ನಿಧಾನವಾಗಿ ಹಿಡಿಯಿತು. ಮೊದಲು ನಿದ್ದೆ ಬಂತು. ಆಮೇಲೆ ಹಸಿವು. ನಾನು ಕಲ್ಯಾಣದ ಮನೆಗೆ ವಾಪಸ್ಸಾದೆ. ಒಂದು ಮಧ್ಯಾಹ್ನ ಹೋದರೆ ಪರದೆ ಸರಿಸಿತ್ತು. ಥೆರಪಿಯವರು ಮನೆಪಾಠ ಕೊಡುತ್ತಿದ್ದರು. ಮಾಸ್ಕ್ ಇಲ್ಲದೆ ಕೆಳಗಿನ ಅಂಗಡಿಗೆ ಹೋಗಿ ಹಾಲು ತಾ. ಗಾಡಿಯಲ್ಲಿ ಬಿಸಿಲಿನ ಕಡೆ ಕೂರು. ಎದುರಿನವರು ನೋಡಿದರೆ ನೋಡಲಿ, ಸ್ಟೇಷನ್ ಬರುವವರೆಗೆ ಏಳಬೇಡ. ಮೊದಲ ಸಲ ಠಾಣೆಯವರೆಗೆ ಕೂತು ಹೋಗಿ ಬಂದವನು ಜ್ವರ ಬಂದವನ ಹಾಗೆ ಬೆವರಿದ್ದ. "ಕೌನ್ ಕೌನ್ ದೇಖಾ?", ಯಾರು ಯಾರು ನೋಡಿದರು, ಅಂತ ನಾನು ಕೇಳಿಬಿಟ್ಟೆ. ಕೇಳಬಾರದಿತ್ತು. ನನಗೂ ಮನೆಪಾಠ ಇನ್ನೂ ಬಾಕಿಯಿದೆ.

ಈಗ ಅವನ ಎಡಗೆನ್ನೆಯ ಮೇಲೆ ತುಳಸಿ ಎಲೆಯಷ್ಟು ಕಂದು ಮಚ್ಚೆ ಇದೆ. ಅಂಚಿನಲ್ಲಿ ಚರ್ಮ ಸ್ವಲ್ಪ ಸೆಳೆದುಕೊಂಡಿದೆ. ಇದು ಎಲ್ಲರಿಗೂ ಕಾಣುತ್ತದೆ. ಗಾಡಿಯಲ್ಲಿ ಮಕ್ಕಳು ನೋಡುತ್ತಾರೆ, ಬಿಲ್ಡಿಂಗ್ ಸೊಸೈಟಿಯ ಹೆಂಗಸರು ಏನಾಯಿತು ಅಂತ ವಿಚಾರಿಸುತ್ತಾರೆ. ಕಾಲ ಕಳೆದರೆ ಇನ್ನಷ್ಟು ತಿಳಿಯಾಗಬಹುದು, ಪೂರ್ತಿ ಹೋಗುವ ಭರವಸೆ ಕೊಡಲಾರೆ ಅಂದಿದ್ದಾರೆ ಡಾ. ಶ್ರುತಿ. ಸದ್ಯಕ್ಕೆ ಅದಕ್ಕೆ ಯಾವ ಟ್ರೀಟ್‌ಮೆಂಟೂ ಇಲ್ಲ, ಸನ್‌ಸ್ಕ್ರೀನ್ ಬಿಟ್ಟರೆ. ಅವನ ಕೆಲಸ ಹೋಯಿತು, ಗೆಳೆಯ ಹೋದ, ಇಪ್ಪತ್ತರ ಪ್ರಾಯದ ಒಳ್ಳೆಯ ವರ್ಷಗಳು ಆ ಪರದೆಯ ಹಿಂದೆ ಹೋದವು. ಅವನು ಒಂದು ದಿನವೂ ನನ್ನನ್ನು ದೂರಿಲ್ಲ. ದೂರಿದ್ದರೆ ಉತ್ತರ ಹೇಳಬಹುದಿತ್ತು.

ಕ್ಲಿನಿಕ್ಕಿನಲ್ಲಿ ಈಗ ಒಂದು ಬದಲಾವಣೆ ಮಾಡಿಸಿದ್ದೇನೆ. ದೊಡ್ಡ ಮೇಡಂ ಹತ್ತಿರ ಹೋಗಿ, ಸ್ಟಾಫಿನ ಮನೆಯವರಾಗಲಿ, ಅವರ ಸ್ವಂತ ಸೊಸೆಯೇ ಆಗಲಿ, ಇನ್ನು ಮೇಲೆ ಮುಂದಿನಿಂದಲೇ ಬರಬೇಕು, ಕೂರಬೇಕು, ಹೊಸ ಪೇಶಂಟ್‌ಗೆ ಕೇಳುವುದನ್ನೆಲ್ಲ ಅವರಿಗೂ ಕೇಳಬೇಕು ಅಂದೆ. ಮೇಡಂ ನನ್ನನ್ನು ನೋಡಿ "ಬರೋಬರ್ ಹೈ" ಅಂದರು, ಸರಿ ಅಂತ. ಹಿಂಬಾಗಿಲಿಗೆ ಅಡ್ಡಲಾಗಿ ಈಗ ಔಷಧದ ಡಬ್ಬಗಳಿವೆ. ಅಪ್ಪನ ಹೋಟೆಲಿನವರು ಕೇಳಿದರೆ ನಮ್ಮನ್ನು ಸಂಸ್ಕಾರವಿಲ್ಲದವರು ಅಂದಾರು. ಅನ್ನಲಿ.

ಮೊನ್ನೆ ಸಂಜೆ ಕ್ಲಿನಿಕ್ಕಿನ ಮುಂದಿನ ಬಾಗಿಲು ತೆರೆದು ಗಿರೀಶ ಒಳಗೆ ಬಂದ. ಮಾಸ್ಕ್ ಇರಲಿಲ್ಲ. ಫಿಶ್ ಟ್ಯಾಂಕಿನ ಪಕ್ಕದ ಕತ್ತಲೆಯ ಕುರ್ಚಿ ಖಾಲಿಯಿತ್ತು. ಅವನು ಅದನ್ನು ನೋಡಿದ. ಆಮೇಲೆ ನಡುವಿನ ಸಾಲಿಗೆ ಬಂದು, ಸರಿಯಾಗಿ ಲೈಟಿನ ಕೆಳಗೆ, ಒಬ್ಬ ಅಜ್ಜಿಯ ಪಕ್ಕ ಕೂತ. ಎದುರಿನ ಗೋಡೆಯ ಮೇಲೆ ದೊಡ್ಡ ಕನ್ನಡಿ. ಅದರ ಕಡೆ ಒಮ್ಮೆ ಕಣ್ಣು ಹೋಯಿತು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಅಜ್ಜಿ ಅವನ ಕೆನ್ನೆಯನ್ನು ಆರಾಮಾಗಿ ನೋಡಿ, ತಮ್ಮ ಮೊಣಕೈಯ ತುರಿಕೆ ತೋರಿಸಿ, ಮರಾಠಿಯಲ್ಲಿ ಕೇಳಿದರು, "ಡಾಗಾಸಾಠೀ ಆಲಾಸ್ ಕಾ, ಬಾಳಾ?" ಈ ಕಲೆಗಾಗಿ ಬಂದೆಯಾ, ಮಗು?

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು.

"ನಾಯ್ ಆಜೀ" ಅಂದ. "ತಾಯೀಲಾ ನ್ಯಾಯಲಾ ಆಲೋಯ್." ಇಲ್ಲ ಅಜ್ಜಿ, ಅಕ್ಕನನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ.

ನಾನು ಒಂದೊಂದಾಗಿ ಹೆಸರು ಕೂಗಿದೆ. ಅಜ್ಜಿ ಒಳಗೆ ಹೋದರು, ಆಮೇಲಿನವರು ಹೋದರು. ಎಲ್ಲರೂ ಮುಗಿದ ಮೇಲೆ, ಖಾಲಿ ಹಾಲಿನಲ್ಲಿ, ಪೇಶಂಟ್‌ಗಳನ್ನು ಕೂಗುವ ದನಿಯಲ್ಲೇ ಅವನ ಹೆಸರನ್ನೂ ಕೂಗಿದೆ. ಮೂರು ವರ್ಷದ ಹಿಂದೆ ಕೂಗಬೇಕಾಗಿತ್ತು. ಅವನು "ಕಾಯ್ ಗಂ", ಏನೇ ಇದು, ಅಂತ ನಗುತ್ತಾ ಎದ್ದ.

ಕಟ್ಟಡದ ಮೆಟ್ಟಿಲಿಳಿಯುವಾಗ ಬೀದಿಯ ಬೆಳಕು ಅವನ ಎಡಗೆನ್ನೆಯ ಮೇಲೆ ಬಿತ್ತು. ಹೆಜ್ಜೆ ನಿಂತಿತು. "ಅಕ್ಕಾ, ದಿಸ್ತಯ್ ಕಾ?" ಅಂದ. ಅವತ್ತೂ ಕೇಳಿದ. ಮುಂದೆಯೂ ಕೇಳಬಹುದು.

ನಾನು ಉತ್ತರ ಕೊಡಲಿಲ್ಲ. ಅವನ ಕೈ ಹಿಡಿದುಕೊಂಡು ಅದೇ ಮೆಟ್ಟಿಲ ಮೇಲೆ ನಿಂತೆ. ಜನ ನಮ್ಮನ್ನು ದಾಟಿಕೊಂಡು ಹತ್ತಿದರು, ಇಳಿದರು.

"ಠೀಕ್ ಹೈ" ಅಂದ ಕೊನೆಗೆ. "ಚಲ್, ನಿನ್ನ ಗಾಡಿ ಹೋಗುತ್ತೆ."